ನಕ್ಷೆಯಲ್ಲಿಲ್ಲದ ಕೆವುಲೆ

ನಹುಯೆಲ್ಬುತಾ ಬೆಟ್ಟದ ಈ ಮಗ್ಗುಲಲ್ಲಿ ಅಪರೂಪದ ಕೆವುಲೆ ಮರದ ಹಣ್ಣು ಆರಿಸುವವರು, ಅದು ಸಿಕ್ಕಿದ್ದು ಎಲ್ಲಿ ಎಂದು ಯಾರಿಗೂ ಬಾಯಿಬಿಡುವುದಿಲ್ಲ. ನಮ್ಮ ಸುನಿಲ್ದಾ ಚಿಕ್ಕಮ್ಮನಂತೂ ಒಂದು ಕೈ ಮೇಲೆ. ಹಣ್ಣು ತರುವಾಗ ಕಾಲುದಾರಿಯ ಮೇಲೆ ಬಿದಿರು ಎಳೆದು ಮುಚ್ಚಿ ಬರುತ್ತಿದ್ದಳು. ಹೋದ ವರ್ಷ ಸರ್ಕಾರದಿಂದ ಮರ ಎಣಿಸಲು ಬಂದವನನ್ನು ಬೇರೆ ಕಣಿವೆಗೆ ಅಟ್ಟಿ, ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆ ನಗು ಬಹಳ ದಿನ ಬಾಳಲಿಲ್ಲ. ಅವನು ಬರೆದ ನಕ್ಷೆಯಲ್ಲಿ ನಮ್ಮ ಕಣಿವೆ ಖಾಲಿ. ಅಲ್ಲಿ ಕಾಪಾಡುವಂಥದ್ದೇನೂ ಇಲ್ಲವೆಂದು ಪೈನ್ ನೆಡುವ ಕಂಪನಿಗೆ ಕಾಡು ಕಡಿಯಲು ಒಪ್ಪಿಗೆ ಸಿಕ್ಕಿತು. ಸೋಮವಾರ ಗರಗಸ ಬರುತ್ತದೆಂಬ ಸುದ್ದಿ ನಮ್ಮ ಕಿವಿಗೆ ಬಿದ್ದಾಗ ಗುರುವಾರ.

"ತೋರಿಸ್ಬಿಡು ಚಿಕ್ಕಮ್ಮ," ಎಂದೆ. "ಗಿಡಮರ ಓದಿರೋ ಮಾರಿತ್ಸಾ ಊರಲ್ಲೇ ಇದಾಳೆ. ಇಲ್ಲಿ ಕೆವುಲೆ ಇದೆ ಅಂತ ಅವಳು ಬರೆದುಕೊಟ್ರೆ, ಕಾನೂನಿನ ಪ್ರಕಾರ ಯಾರೂ ಕಡಿಯೋ ಹಾಗಿಲ್ಲ."

"ನಮ್ಮಜ್ಜಿ ಸಾಯೋವಾಗ ನನ್ನೊಬ್ಬಳಿಗೇ ಹೇಳಿದ್ದು ಕಣೇ ಆ ಜಾಗ."

"ಹಾಗಾದ್ರೆ ಸೋಮವಾರದಿಂದ ಮೋಟುಗಳನ್ನ ಕಾಯ್ಕೊಂಡಿರು."

ಚಿಕ್ಕಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಹುರಿದ ಗೋಧಿಹಿಟ್ಟಿನ ಬಟ್ಟಲು ಕೆಳಗಿಟ್ಟು ಎದ್ದಳು.

ಮರುದಿನ ಮಾರಿತ್ಸಾಳನ್ನು ಕರೆದೊಯ್ದು, ತಾನೇ ಮುಚ್ಚಿದ್ದ ಬಿದಿರನ್ನು ತಾನೇ ಸರಿಸಿದಳು. ಮಾರಿತ್ಸಾ ಒಂದು ಎಲೆ ಹೊಸಕಿ ಮೂಸಿದವಳು ಸಂತೋಷಕ್ಕೆ ಕಣ್ಣಲ್ಲಿ ನೀರು ತಂದುಕೊಂಡಳು. ಹದಿನೇಳು ಕೆವುಲೆ ಮರ. ಸುತ್ತ ಬಳ್ಳಿ, ಜರಿಗಿಡ, ಪಾಚಿ; ಅವಳ ಪುಸ್ತಕದ ಪುಟಗಳೇ ಸಾಲದಾದವು.

"ಅಮ್ಮಾ, ಹಿಮಯುಗದಲ್ಲಿ ಆ ಕಡೆಯ ದೊಡ್ಡ ಬೆಟ್ಟಗಳೆಲ್ಲ ಹಿಮದಡಿ ಹೂತುಹೋಗಿದ್ವು. ಈ ಕರಾವಳಿ ಬೆಟ್ಟ ತಪ್ಪಿಸಿಕೊಳ್ತು. ಅಲ್ಲಿ ಅಳಿದ ಎಷ್ಟೋ ಗಿಡ ಇಂಥ ಕಣಿವೆಗಳಲ್ಲಿ ಉಳ್ಕೊಂಡ್ವು. ಕೆವುಲೆ ಮನೆತನದಲ್ಲಂತೂ ಇಡೀ ಲೋಕದಲ್ಲಿ ಇದೊಂದೇ ಬಾಕಿ."

"ಹಿಮಕ್ಕೂ ನಮ್ಮ ಕಣಿವೆ ಸಿಗ್ಲಿಲ್ಲ ಅನ್ನು!"

"ಸಿಗ್ಲಿಲ್ಲ."

"ನೋಡಿದ್ಯೇನೇ, ಬಚ್ಚಿಡೋದ್ರಲ್ಲಿ ನಮ್ಮೋರಿಗೆ ಸಾಟಿಯಿಲ್ಲ," ಎಂದು ಚಿಕ್ಕಮ್ಮ ನನ್ನೆಡೆಗೆ ತಿರುಗಿ ಬೀಗಿದಳು. ಮರುಕ್ಷಣ ಅವಳ ಮುಖ ಇಳಿದುಹೋಯಿತು. "ಹಿಮ ಉಳಿಸಿದ್ದನ್ನ ನಾನು ಬಚ್ಚಿಟ್ಟೇ ಕೊಲ್ತಿದ್ನಲ್ಲೇ."

ಅವಳ ಕೈ ಹಿಡಿದುಕೊಂಡೆ.

ಮಾರಿತ್ಸಾಳ ಕಾಗದ ಶನಿವಾರವೇ ಅರಣ್ಯ ಕಚೇರಿ ಮುಟ್ಟಿತು. ಸೋಮವಾರ ಗರಗಸದವರು ಬಂದರು, ತಡೆಯಾಜ್ಞೆ ಓದಿದರು, ಗೊಣಗುತ್ತ ಹಿಂದಿರುಗಿದರು.

ಚಿಕ್ಕಮ್ಮ ಅವರನ್ನು ಕಣಿವೆಯ ಬಾಯಲ್ಲಿ ಕುರ್ಚಿ ಹಾಕಿ ಕೂತೇ ಬೀಳ್ಕೊಟ್ಟಳು. ಪಕ್ಕದ ಹಲಗೆಯಲ್ಲಿ ಅವಳದೇ ಸೊಟ್ಟ ಅಕ್ಷರ, ರಸ್ತೆಯಿಂದಲೇ ಓದಬಹುದು: ಕೆವುಲೆ ಇಲ್ಲೇ ಇದೆ.