ಸಾರಾಳ ಬೈತಲೆ

ಬೆಳಿಗ್ಗೆ ಹತ್ತು ಹೊಡೆಯುವಷ್ಟರಲ್ಲಿ ಹಾರ್ಮೆನ್ ಎರಡು ಮುಖ ಕೆಡಿಸಿದ್ದ. ಎರಡೂ ಹೆಂಡತಿಯವೇ.

ಸ್ಟಾವೊರೆನ್ ಬಂದರಿನಲ್ಲಿ ನಿಲ್ಲುವ ದೋಣಿಗಳಲ್ಲಿ ಮುಕ್ಕಾಲುಪಾಲಿನ ಹೆಸರು ಬರೆದದ್ದು ಅವನೇ. ಪಟ್ಟಿ ಇಡದೆ ಮಾರುದ್ದ ಗೆರೆ ಎಳೆದರೂ ಒಂದು ಕೂದಲಿನಷ್ಟು ಆಚೀಚೆ ಆಗದ ಕೈ. ಅಂಥ ಕೈಗೆ ಕರಗಿದ ಚಾಕೊಲೇಟು ಯಾವ ದೊಡ್ಡ ಮಾತು ಅಂದುಕೊಂಡಿದ್ದ. ಈಗ ಅಡುಗೆಮನೆಯ ಮೇಜು, ಒಲೆ, ಕುರ್ಚಿಯ ಬೆನ್ನು, ಅವನ ಎಡಗಿವಿ ಎಲ್ಲವೂ ಕಂದು ಬಣ್ಣ. ಮುಖ ಮಾತ್ರ ಇಲ್ಲ.

ಈ ಕಡೆ ಐವತ್ತು ತುಂಬಿದ ಹೆಂಗಸನ್ನು ‘ಸಾರಾಳನ್ನು ಕಂಡಳು’ ಅನ್ನುತ್ತಾರೆ. ಸಾರಾ ಅಂದರೆ ಪವಿತ್ರ ಗ್ರಂಥದ ಕಥೆಯಲ್ಲಿ ಬರುವ ಮುದುಕಿ. ಆವತ್ತು ಅವಳ ಮುಂದೆ ಒಂದು ಸಾರಾ ಇರಲೇಬೇಕು. ಬೇಕರಿಯವರು ಮುದುಕಿಯ ಆಕಾರದ ರೊಟ್ಟಿ ಸುಟ್ಟು ಕೊಡುತ್ತಾರೆ. ಕೆಲವರು ಹಳೇ ಬಟ್ಟೆಗೆ ಹುಲ್ಲು ತುಂಬಿ ಅಂಗಳದಲ್ಲಿ ಗೊಂಬೆ ಕೂರಿಸುತ್ತಾರೆ. ಪಕ್ಕದ ಮನೆಯ ಅಂಗಳದಲ್ಲಿ ಮೂಗಿನ ಮೇಲೆ ನರಹುಲಿ ಇದ್ದ ಅಂಥದೊಂದು ಗೊಂಬೆ ಮೂರು ದಿನ ಕೂತದ್ದನ್ನು ನೋಡಿ ನಿಂಕೆ ಗಂಡನಿಗೆ ಮೊದಲೇ ಹೇಳಿಬಿಟ್ಟಿದ್ದಳು.

“ನನಗೆ ಅಂಥದ್ದು ತಂದ್ರೆ ಅದನ್ನೂ ನಿನ್ನನ್ನೂ ಒಟ್ಟಿಗೇ ಕಾಲುವೆಗೆ ನೂಕ್ತೀನಿ. ನನ್ನ ಸಾರಾಗೆ ನನ್ನ ಮುಖಾನೇ ಇರ್ಲಿ. ನೀನೇ ಮಾಡು. ಊರ ದೋಣಿಗಳಿಗೆಲ್ಲ ಚಿತ್ತಾರ ಬರ್ದೆ, ನನ್ನನ್ನ ಒಂದ್ಸಲಾನೂ ಬರೀಲಿಲ್ಲ.”

ತಮಾಷೆಯ ಹಾಗೆ ಹೇಳಿದ ಮಾತು. ಆದರೆ ಹಾರ್ಮೆನ್‌ಗೆ ಅದರ ಅಡಿಯಲ್ಲಿದ್ದದ್ದು ಗೊತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಒಂದು ಚಳಿಗಾಲ ಪೂರ್ತಿ ಅವನು ನಿಂಕೆಯ ತಂಗಿ ಬೌಕ್ಯೆಯ ಜೊತೆ ತಿರುಗಿದ್ದ. ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಇಬ್ಬರೂ ಕೈ ಹಿಡಿದು ಜಾರಿದ್ದನ್ನು ಊರೆಲ್ಲ ನೋಡಿತ್ತು. ಮಂಜು ಕರಗುವ ಹೊತ್ತಿಗೆ ಬೌಕ್ಯೆ ಒಬ್ಬ ಚೀಸ್ ವ್ಯಾಪಾರಿಯನ್ನು ಹಿಡಿದಳು. ಮುಂದಿನ ವರ್ಷ ಹಾರ್ಮೆನ್ ಅಕ್ಕನನ್ನು ಮದುವೆಯಾದ. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೂ ಜಗಳ ಬಿಸಿಯೇರಿದಾಗ ನಿಂಕೆಯ ಬಾಯಿಂದ ಒಂದೇ ಮಾತು ಬರುತ್ತಿತ್ತು: “ಅವಳು ಬೇಡ ಅಂದ್ಮೇಲೆ ತಾನೆ ನೀನು ನನ್ನ ಹತ್ರ ಬಂದಿದ್ದು.” ಅದಕ್ಕೆ ಅವನು ಉತ್ತರ ಕೊಟ್ಟವನೇ ಅಲ್ಲ. ಈ ಸಾರಾ ಉತ್ತರ ಕೊಡಲಿ ಎಂಬುದು ಅವನ ಲೆಕ್ಕ.

ನಿಂಕೆ ಬೆಳಿಗ್ಗೆಯೇ ತಾಯಿಯನ್ನು ಕರೆತರಲು ಬೊಲ್ಸ್‌ವರ್ಡ್‌ಗೆ ಹೋಗಿದ್ದಳು. ಅವಳ ಐವತ್ತರ ಹುಟ್ಟುಹಬ್ಬಕ್ಕೆ ನಾಲ್ಕಕ್ಕೆ ಮೂವತ್ತು ಜನ ಬರುವವರಿದ್ದರು. ಬೌಕ್ಯೆಯೂ ಬರುತ್ತಿದ್ದಳು.

ಮೊದಲನೆಯ ಮುಖ ಹುಟ್ಟುವ ಮೊದಲೇ ಸತ್ತಿತು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಬಿಳಿ ಚಾಕೊಲೇಟು ಕರಗಿಸಿದ. ಕೆನ್ನೆಗೆ ಕೆಂಪು ಬೇಕೆಂದು ಕೇಕಿಗೆ ಹಾಕುವ ಬಣ್ಣದ ನೀರು ನಾಲ್ಕು ಹನಿ ಬಿಟ್ಟ. ಬೆಣ್ಣೆಯ ಹಾಗಿದ್ದದ್ದು ಕಣ್ಣೆದುರೇ ಗಂಟುಕಟ್ಟಿ, ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿಯಾಯಿತು. ಕರಗಿದ ಚಾಕೊಲೇಟಿಗೆ ನೀರು ಸೋಕಬಾರದು ಅಂತ ಅವನಿಗೆ ಯಾರು ಹೇಳಬೇಕು? “ಥೂ ನಿನ್ನ,” ಎಂದು ಬಟ್ಟಲನ್ನೇ ತೊಟ್ಟಿಗೆ ಎಸೆದ. ಬಣ್ಣದ ಸಹವಾಸ ಬೇಡ. ಬಿಳಿ, ಕಂದು, ಕಪ್ಪು, ಇವಿಷ್ಟೇ ಸಾಕು ಅಂದುಕೊಂಡ.

ಎರಡನೆಯದನ್ನು ಕೆಡಿಸಿದ್ದು ಅವನ ಕಸುಬು. ನಿಂಕೆಯ ಫೋಟೊ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಚಾಕೊಲೇಟಿನಿಂದ ಚಿತ್ರ ಬರೆದು, ಗಟ್ಟಿಯಾದಮೇಲೆ ಕವುಚಿ ಹಾಕಿ ಹಾಳೆ ಸುಲಿದರೆ, ಹಾಳೆಗೆ ಅಂಟಿದ್ದ ನುಣುಪು ಮೈ ಮೇಲಕ್ಕೆ ಬರುತ್ತದೆ. ಅಂದರೆ ಮೊದಲು ಹಾಕಿದ್ದೇ ಕೊನೆಗೆ ಕಾಣುವುದು. ಇದನ್ನು ತಲೆ ಒಪ್ಪಿತ್ತು, ಕೈ ಒಪ್ಪಲಿಲ್ಲ. ಮೂವತ್ತು ವರ್ಷದಿಂದಲೂ, ಮೊದಲು ಹಿನ್ನೆಲೆ, ಆಮೇಲೆ ಮೈಬಣ್ಣ, ಕಟ್ಟಕಡೆಗೆ ಗೆರೆ ಎಂದು ಕಲಿತ ಕೈ. ತನ್ನ ಪಾಡಿಗೆ ತಾನು ಚರ್ಮದ ಬಣ್ಣವನ್ನು ಚೆನ್ನಾಗಿ ಹರಡಿ, ಆರಿದಮೇಲೆ ಕಣ್ಣು, ಮೂಗು, ತುಟಿ ಎಲ್ಲ ಮುದ್ದಾಗಿ ಬರೆಯಿತು. ಕವುಚಿ ಹಾಳೆ ಸುಲಿದರೆ ಒಂದು ಬೋಳು ದೋಸೆ. ಕಣ್ಣುಮೂಗುಗಳು ಮೇಜಿಗೆ ಮುತ್ತಿಕ್ಕುತ್ತ ಅಡಿಯಲ್ಲಿ ಬಿದ್ದಿದ್ದವು.

ಮೂರನೆಯದಕ್ಕೆ ಕೈ ಹಾಕಿದಾಗ ಅವನು ಪ್ರತಿಯೊಂದಕ್ಕೂ ತನ್ನ ಕೈಗೆ ತಾನೇ ಅಪ್ಪಣೆ ಕೊಡಬೇಕಾಯಿತು. ಮೊದಲು ಕಣ್ಣಿನ ಮಿಂಚು. ಆಮೇಲೆ ಕಪ್ಪು ಬೊಟ್ಟು. ಆಮೇಲೆ ಅದರ ಸುತ್ತಲಿನ ಬಿಳಿ. ಕಾಗದದ ಕೊಳವೆಯ ತುದಿಯಲ್ಲಿ ಚಾಕೊಲೇಟು ಕ್ಷಣಕ್ಕೊಮ್ಮೆ ಗಟ್ಟಿಯಾಗಿ ನಿಲ್ಲುತ್ತಿತ್ತು. ತುಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಬುಳಕ್ಕನೆ ಸುರಿಯುತ್ತಿತ್ತು. ಸುಕ್ಕುಗಳ ಸರದಿ ಬಂದಾಗ ತಡೆದ. ಸುಕ್ಕನ್ನೂ ಈಗಲೇ ಹಾಕಬೇಕು, ಹಾಕಿದರೆ ಅಳಿಸುವಂತಿಲ್ಲ. ಹುಟ್ಟುಹಬ್ಬದ ದಿನ ಯಾಕೆ ಪಾಪ ಎಂದು ಕಣ್ಣಂಚಿನ ಗೆರೆ, ಬಾಯಿಯ ಪಕ್ಕದ ಮಡಿಕೆ ಎಲ್ಲವನ್ನೂ ಬಿಟ್ಟ. ಕೂದಲಿನ ಬೈತಲೆಯನ್ನು ಫೋಟೊದಲ್ಲಿ ಕಂಡ ಜಾಗದಲ್ಲೇ ಎಳೆದ.

ಒಂದು ಗಂಟೆಗೆ ಮಗಳು ಮಾಯ್ಕೆ ಗ್ರೋನಿಂಗನ್‌ನಿಂದ ಬಂದಳು. ಚಿತ್ರ ಫ್ರಿಜ್ಜಿನಲ್ಲಿ ಗಟ್ಟಿಯಾಗಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕವುಚಿದರು, ಹಾಳೆ ಸುಲಿದರು. ಒಂದು ಕಡೆಯೂ ಬಿರುಕಿಲ್ಲ. ಹೊಳೆಯುವ ಕಣ್ಣು, ನಯವಾದ ಕೆನ್ನೆ, ತುಂಬುಗೂದಲು. ಹಾರ್ಮೆನ್ ಸೊಂಟ ನೆಟ್ಟಗೆ ಮಾಡಿ ನಿಂತ.

“ಅಪ್ಪಾ, ತುಂಬಾ ಚೆನ್ನಾಗಿದೆ,” ಅಂದಳು ಮಾಯ್ಕೆ. ಆಮೇಲೆ ಮೆಲ್ಲಗೆ, “ಆದ್ರೆ ಬೌಕ್ಯೆ ಚಿಕ್ಕಮ್ಮನ್ನ ಯಾಕೆ ಮಾಡಿದೆ?”

“ಏನಂದೆ?”

“ಬೈತಲೆ ನೋಡು. ಅಮ್ಮಂದು ಎಡಕ್ಕೆ. ಚಿಕ್ಕಮ್ಮಂದು ಬಲಕ್ಕೆ. ಇನ್ನು ಈ ಕೆನ್ನೆ... ಅಮ್ಮನ ಸುಕ್ಕೆಲ್ಲ ಎಲ್ಲಿ ಹೋಯ್ತು?”

ಹಾರ್ಮೆನ್ ನೋಡಿದ. ಬೌಕ್ಯೆಯೇ. ಅಕ್ಕತಂಗಿಯರದು ಒಂದೇ ಅಚ್ಚು; ಚಿಕ್ಕಂದಿನಿಂದಲೂ ಊರು ಅವರನ್ನು ಗುರುತಿಸಿದ್ದು ಬೈತಲೆಯಿಂದ. ಅಂಗಡಿಗಳ ಗಾಜಿನ ಮೇಲೆ ಒಳಗಡೆಯಿಂದ ಉಲ್ಟಾ ಅಕ್ಷರ ಬರೆದು ಜೀವಮಾನದಲ್ಲಿ ಒಂದು ಸಲವೂ ತಪ್ಪದವನು ಅವನು. ಅಕ್ಷರವಾಗಿದ್ದರೆ ಈಗಲೂ ತಪ್ಪುತ್ತಿರಲಿಲ್ಲ. ಮುಖಕ್ಕೂ ಎಡಬಲ ಉಂಟೆಂದು ಹೊಳೆಯಲೇ ಇಲ್ಲ.

“ಇನ್ನೊಂದು ಮಾಡೋಣ. ಬಿಳಿ ಚಾಕೊಲೇಟು ಎಲ್ಲಿದೆ?” ಅಂದಳು ಮಾಯ್ಕೆ.

“ಮುಗೀತು.”

“ಅಂಗಡಿ?”

“ಇವತ್ತು ಭಾನುವಾರ ಕಣೇ!” ಎಂದು ಅವಳ ಮೇಲೇ ರೇಗಿದ.

ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆಯಿತು. ನಿಂಕೆ ಒಬ್ಬಳೇ ಬಂದಿದ್ದಳು. ತಾಯಿಯನ್ನು ಬೌಕ್ಯೆಯೇ ತನ್ನ ಕಾರಿನಲ್ಲಿ ಕರೆತರುತ್ತಾಳಂತೆ. ಮಾಯ್ಕೆ ಒರೆಸುವ ಬಟ್ಟೆ ಎತ್ತಿಕೊಂಡು ಮುಚ್ಚಲು ಹೋದಳು, ಚಿತ್ರಕ್ಕೆ ಅಂಟೀತೆಂದು ಕೈ ಗಾಳಿಯಲ್ಲೇ ನಿಂತಿತು.

ನಿಂಕೆ ಕೋಟು ಬಿಚ್ಚದೆ ಮೇಜಿನ ಬಳಿ ಬಂದು ನೋಡಿದಳು.

“ಬೌಕ್ಯೆ ಚೆನ್ನಾಗಿ ಬಂದಿದ್ದಾಳೆ,” ಅಂದಳು.

“ಅಲ್ಲ ಕಣೇ, ಇದು ನೀನೇ. ತಿರುಗಿಸಿದಾಗ ಉಲ್ಟಾ ಆಯ್ತು. ತಡಿ, ತಡಿ.” ಹಾರ್ಮೆನ್ ಓಡಿಹೋಗಿ ಬಾಗಿಲ ಬಳಿಯ ಕನ್ನಡಿಯನ್ನು ಮೊಳೆಸಮೇತ ಕಿತ್ತು ತಂದು ಚಿತ್ರದೆದುರು ಹಿಡಿದ. “ನೋಡು ಇದ್ರಲ್ಲಿ. ನೀನು ತಾನೆ?”

ನಿಂಕೆ ಬಗ್ಗಿ ನೋಡಿದಳು. “ಹೌದು. ಕನ್ನಡಿ ಹಿಡಿದ್ರೆ ನಾನು, ನೇರ ನೋಡಿದ್ರೆ ಅವಳು. ನಾನು ಇಷ್ಟು ವರ್ಷ ಹೇಳ್ತಾ ಬಂದಿದ್ದೂ ಅದನ್ನೇ ಅಲ್ವಾ?”

“ಅಮ್ಮಾ...”

“ನೀನು ಸುಮ್ನಿರು ಮರೀ. ಸುಕ್ಕು ಯಾಕೆ ಬಿಟ್ಟೆ ಹಾರ್ಮೆನ್?”

“ನಿನಗೆ ಬೇಜಾರಾಗುತ್ತೆ ಅಂತ.”

“ಬೌಕ್ಯೆಗೆ ಇಲ್ಲ ಅಂತ ಬಿಟ್ಟಿರ್ತೀಯ.”

ಹಾರ್ಮೆನ್‌ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕನ್ನಡಿಯನ್ನು ಕುರ್ಚಿಯ ಮೇಲೆ ದಪ್ಪನೆ ಇಟ್ಟ. “ಬೌಕ್ಯೆ, ಬೌಕ್ಯೆ, ಬೌಕ್ಯೆ! ಬೆಳಿಗ್ಗೆ ಆರಕ್ಕೆ ನಿಂತವನು ಇನ್ನೂ ಕೂತಿಲ್ಲ. ಬೆರಳು ಸುಟ್ಕೊಂಡಿದೀನಿ. ಅವಳಿಗೋಸ್ಕರ ಒಂದು ಬಟ್ಟಲಾದ್ರೂ ತೊಳೀತಿದ್ನಾ ನಾನು? ಆ ಚಳಿಗಾಲ ಅವಳ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು. ಅವಳು ಚೀಸಿನವನ ಜೊತೆ ಹೋದ ದಿನ ನಾನು ಹಾಯಾಗಿ ಹತ್ತು ಗಂಟೆ ಮಲಗಿದ್ದೆ, ಗೊತ್ತಾ?”

ಮಾಯ್ಕೆಗೆ ನಗು ಬಂತು, ಕೆಮ್ಮಿದಳು.

“ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು?” ಅಂದಳು ನಿಂಕೆ.

“ನಿನ್ನ ತಂಗಿ ಬಗ್ಗೆ ನಿನ್ನೆದುರು ಹೆಂಗೆ ಹೇಳ್ಲಿ?”

ನಿಂಕೆ ಕೈಚೀಲ ಕೆಳಗಿಟ್ಟಳು. ಚಾಕೊಲೇಟಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ನಡುವೆ ಲಟಕ್ಕನೆ ಮುರಿದಳು. ಗಲ್ಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬಟ್ಟಲಿಗೆ ಸುರಿದಳು.

“ಕರಗಿಸು.”

“ಕರಗಿಸಿದ್ರೆ ಎಲ್ಲ ಬೆರೆತು ಒಂದೇ ಬಣ್ಣ ಆಗುತ್ತೆ. ಮುಖ ಮಾಡೋಕೆ ಬರಲ್ಲ.”

“ಕಪ್ಪು ಉಳಿದಿದೆಯಾ?”

“ಒಂದು ಹಿಡಿ.”

“ಹಾಗಾದ್ರೆ ಇವಳನ್ನ ಹಲಗೆ ಮಾಡು, ಅದರ ಮೇಲೆ ನನ್ನ ಬರಿ. ದೋಣಿ ಮೇಲೆ ಬರೆಯಲ್ವಾ, ಹಾಗೆ. ಫೋಟೊನೂ ಬೇಡ, ಕನ್ನಡಿನೂ ಬೇಡ. ನಾನೇ ಇಲ್ಲಿದೀನಿ.” ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತಳು.

ಹಲಗೆ ಗಟ್ಟಿಯಾಗಲು ಅರ್ಧ ಗಂಟೆ ಹಿಡಿಯಿತು. ಮಾಯ್ಕೆ ಕುರ್ಚಿ ಒರೆಸಿದಳು, ಲೋಟ ಜೋಡಿಸಿದಳು. ಹಾರ್ಮೆನ್ ಕೊಳವೆ ಹಿಡಿದು ಹೆಂಡತಿಯನ್ನು ನೋಡಿದ, ಹಲಗೆಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಬೈತಲೆ ಅದರ ಜಾಗದಲ್ಲೇ ಬಂತು. ಕಣ್ಣಂಚಿನಲ್ಲಿ ಮೂರು ಗೆರೆ ಎಂದುಕೊಂಡಿದ್ದ, ಎಣಿಸಿದರೆ ಐದಿದ್ದವು. ಹುಬ್ಬಿನ ಮಧ್ಯೆ ಒಂದು ಗೆರೆ. ಅದು ಬಂದದ್ದು ಬಹುಶಃ ತನ್ನಿಂದಲೇ.

“ಅಲ್ಲಾಡಬೇಡ!”

“ಮೂಗು ತುರಿಸ್ತಿದೆ.”

“ಹತ್ತು ನಿಮಿಷದಿಂದ ಬರೀ ತುರಿಸ್ತಾನೇ ಇದೀಯ. ನಗಬೇಡ, ಗೆರೆ ಎಲ್ಲ ಜಾಗ ಬಿಡ್ತವೆ.”

“ನಿನ್ನ ಕಿವಿ ತುಂಬಾ ಚಾಕೊಲೇಟು ಇಟ್ಕೊಂಡು ನಗಬೇಡ ಅಂದ್ರೆ ಹೇಗೋ?”

ಬಾಯಿ ಬರೆಯುವಾಗ ಕೊಳವೆ ಮತ್ತೆ ಕಟ್ಟಿಕೊಂಡಿತು. ಹಿಸುಕಿದರೆ ಕೆಳತುಟಿಯ ಮೇಲೆ ಒಂದು ದಪ್ಪ ಹನಿ ಬಿತ್ತು. ಕೆರೆದು ತೆಗೆಯಲು ಹೋಗಿ ಹಲಗೆಯ ಮೂಲೆ ಮುರಿದ. ಬಾಯಿಗೆ ಬಂದ ಬೈಗುಳ ಬೈದ. ನಿಂಕೆ ಕಿಟಕಿಯಾಚೆ ನೋಡುತ್ತ ಮುಖ ಗಟ್ಟಿ ಮಾಡಿಕೊಂಡು ಕೂತಿದ್ದಳು.

ನಾಲ್ಕಕ್ಕೆ ಮನೆ ತುಂಬಿತು. ಬೌಕ್ಯೆ ತಾಯಿಯ ಕೈ ಹಿಡಿದು ನಡೆಸಿಕೊಂಡು ಬಂದವಳೇ ಮೇಜಿನ ಮೇಲೆ ಬಗ್ಗಿದಳು.

“ಅಯ್ಯೋ ಅಕ್ಕಾ, ನೀನೇ ಕೂತ ಹಾಗಿದೆ! ಆದ್ರೆ ಭಾವ, ಇಷ್ಟೊಂದು ಸುಕ್ಕು ಹಾಕೋದಾ? ಸ್ವಲ್ಪನಾದ್ರೂ ಕಡಿಮೆ ಮಾಡಬಾರದಿತ್ತಾ?”

“ಒಂದೂ ಹೆಚ್ಚಿಗೆ ಹಾಕಿಲ್ಲ, ಎಲ್ಲ ನನ್ನವೇ,” ಅಂದಳು ನಿಂಕೆ.

ಹಾರ್ಮೆನ್‌ಗೆ ಇದೊಂದೂ ಕೇಳಿಸಲಿಲ್ಲ. ಆ ಕೆಳತುಟಿಯ ಹನಿ ಅವನ ಕಣ್ಣನ್ನು ಚುಚ್ಚುತ್ತಿತ್ತು. ಜನ ಕಾಫಿ ಸುರಿದುಕೊಳ್ಳುವ ಗದ್ದಲದಲ್ಲಿ ಜೇಬಿನಿಂದ ಸಣ್ಣ ಚಾಕು ತೆಗೆದು ಮೆಲ್ಲಗೆ ಚಿತ್ರದ ಮೇಲೆ ಬಗ್ಗಿದ. ನಿಂಕೆ ಅತ್ತ ಯಾರೊಂದಿಗೋ ಮಾತಾಡುತ್ತಿದ್ದವಳು ತಿರುಗಿಯೂ ನೋಡದೆ ಅವನ ಕೈಯ ಮೇಲೆ ಒಂದೇಟು ಹಾಕಿದಳು.

“ಬಿಡು ಅದನ್ನ.”