ಒಳಗೆ ಮಡಿಸಿಟ್ಟ ಬಟ್ಟೆ

ತೂಕ ಇಳಿಸುವ ಡಬ್ಬದ ಪುಡಿಗೆ ತಮ್ಮನ ನಾಲ್ಕು ದಿನದ ಸಂಬಳ. ಬೆವರಿಳಿಸುವ ಬೆಲ್ಟಿಗೆ ಇನ್ನೆರಡು ದಿನದ್ದು. ಕೆಲಸ ಮಾಡುವ ಬೇಕರಿಗೆ ನಡೆದು ಹೋದರೆ ಖರ್ಚಿಲ್ಲ, ಬಸ್ಸಿನ ದುಡ್ಡೂ ಉಳಿಯುತ್ತದೆ. ಈ ಲೆಕ್ಕ ಅವನಿಗೆ ಹೊಳೆದದ್ದು ತಡವಾಗಿ.

ಬಟ್ಟೆ ಹೊಲಿದು ಬದುಕುತ್ತಿದ್ದ ಅಕ್ಕನಿಗೆ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ತಮ್ಮನ ಕಿಡ್ನಿ ಹೊಂದುತ್ತದೆ, ಆದರೆ ಅವನು ಹನ್ನೆರಡು ಕಿಲೋ ಇಳಿಸದೆ ಆಪರೇಷನ್ ಮಾಡುವಂತಿಲ್ಲ ಎಂದರು ಡಾಕ್ಟರು.

ಅವನು ಹಟಕ್ಕೆ ಬಿದ್ದ. ಮೂರು ವಾರ ಊಟ ಬಿಟ್ಟು ಪುಡಿ ಕಲಸಿದ ನೀರು ಕುಡಿದ. ಆರು ಕಿಲೋ ಇಳಿಯಿತು. ಆಮೇಲೆ ಓವನ್ ಮುಂದೆ ತಲೆ ಸುತ್ತಿ ಬಿದ್ದ. ಎದ್ದ ಮೇಲೆ ಹಸಿವು ಮಾತು ಕೇಳಲಿಲ್ಲ. ಉಳಿದ ಬನ್ನು, ಮುರಿದ ಬಿಸ್ಕತ್ತು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಯಿತು. ಎರಡು ತಿಂಗಳಲ್ಲಿ ಆರೂ ಕಿಲೋ ವಾಪಸ್.

ಅಕ್ಕ ಬೈಯಲಿಲ್ಲ. "ನನ್ನ ಉಳಿಸೋಕೆ ಹೋಗಿ ನೀನೇ ಮಲಗಿದ್ರೆ ಯಾರಿಗೆ ಲಾಭ? ನೀನು ಬದುಕಿರೋವರೆಗೂ ಮಾಡೋಕಾಗೋ ಅಂಥದ್ದು ಮಾಡು" ಎಂದಳು.

ಅಂದಿನಿಂದ ಕೆಲಸಕ್ಕೆ ನಡಿಗೆ, ಅರ್ಧ ತಟ್ಟೆ ತರಕಾರಿ. ರುಚಿ ನೋಡುವ ನೆಪದಲ್ಲಿ ತಿನ್ನುವುದು ನಿಂತಿತು. ಮನೆಯಲ್ಲಿ ಮೊಲ ಸಾಕಿದ್ದೇನೆ ಎಂದು ಹೆಂಡತಿ ನಗುತ್ತಿದ್ದಳು. ಒಂದು ತಿಂಗಳು ಎರಡು ಕಿಲೋ, ಇನ್ನೊಂದು ತಿಂಗಳು ಅದೂ ಇಲ್ಲ.

ತೂಕ ಇಳಿದಂತೆ ಅವನ ಕೆಲಸದ ಅಂಗಿಯನ್ನು ಅಕ್ಕ ಬಿಗಿ ಮಾಡಿಕೊಡುತ್ತಿದ್ದಳು. ಹೆಚ್ಚಾದ ಬಟ್ಟೆಯನ್ನು ಮಾತ್ರ ಕತ್ತರಿಸದೆ ಒಳಗೆ ಮಡಿಸಿಡುತ್ತಿದ್ದಳು. ಪಕ್ಕೆಗೆ ಚುಚ್ಚುತ್ತದೆ ಎಂದು ಅವನು ಗೊಣಗಿದರೆ, "ಚುಚ್ಚಲಿ ಬಿಡು. ನೀನು ಮತ್ತೆ ಊದ್ಕೊಂಡ್ರೆ ಬಿಚ್ಚೋಕೆ ಬೇಕಲ್ಲ. ನಿನ್ನ ಯಾವನು ನಂಬ್ತಾನೆ?" ಎನ್ನುತ್ತಿದ್ದಳು.

ನಡಿಗೆ ಶುರುವಾದ ಎಂಟನೆಯ ತಿಂಗಳಿಗೆ ಹನ್ನೊಂದು ಕಿಲೋ ಇಳಿದಿತ್ತು. ಇನ್ನೊಂದೇ ಬಾಕಿ. ಆ ವಾರ ಅಕ್ಕನಿಗೆ ಜ್ವರ ಬಂತು, ಸೋಂಕು ರಕ್ತಕ್ಕೇರಿತು, ನಾಲ್ಕನೆಯ ದಿನ ಹೋಗಿಬಿಟ್ಟಳು. ಪುಡಿಯ ಹಿಂದೆ ಕಳೆದ ಆ ಮೂರು ತಿಂಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವನು ಅದನ್ನು ಮರೆಯಲೂ ಇಲ್ಲ.

ಹೊಲಿಗೆ ಮೆಷಿನ್ ಮೇಲಿದ್ದ ಅವನ ಅಂಗಿಯನ್ನು ಭಾವ ತಂದುಕೊಟ್ಟರು. ತೊಟ್ಟಾಗ ಪಕ್ಕೆಗೆ ಚುಚ್ಚಲಿಲ್ಲ. ಬಿಚ್ಚಿ ತಿರುಗಿಸಿ ನೋಡಿದ. ಒಳಗಿದ್ದ ಬಟ್ಟೆಯನ್ನೆಲ್ಲ ಅಕ್ಕ ಕತ್ತರಿಸಿ ಹಾಕಿದ್ದಳು.

ಉಳಿದ ಕಿಲೋ ಮುಂದಿನ ತಿಂಗಳು ಇಳಿಯಿತು. ಅವನು ಈಗಲೂ ಕೆಲಸಕ್ಕೆ ನಡೆದೇ ಹೋಗುತ್ತಾನೆ. ಹನ್ನೆರಡು ಕಿಲೋ ಮತ್ತೆ ಬಂದಿಲ್ಲ. ಎರಡು ಕಿಡ್ನಿಯೂ ಅವನಲ್ಲೇ ಇವೆ. ಅಕ್ಕ ಇಲ್ಲ.