ಕಟ್ಟೆಯ ಮೇಲಿನ ಇಂಗ್ಲಿಷು

ದೊಡವಾಡದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದು ನನಗೆ ನಾಲ್ಕು ವರ್ಷ. ನನ್ನೂರು ರಾಮದುರ್ಗ. ಮದುವೆಯಾಗಿಲ್ಲ, ಯಾಕೆಂದು ಕೇಳಿದವರಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದೇನೆ. ಇರುವುದು ಶಟ್ಟೆವ್ವನ ಮನೆಯ ಮುಂದಿನ ಬಾಡಿಗೆ ಕೋಣೆಯಲ್ಲಿ. ಶಾಲೆ ಬಿಟ್ಟ ಮೇಲೆ ನನ್ನೊಡನೆ ಮಾತಾಡುವ ಜೀವವೆಂದರೆ ಆ ಮುದುಕಿ ಒಬ್ಬಳೇ.

ಸಂಜೆ ಕಟ್ಟೆಯ ಮೇಲೆ ಮಕ್ಕಳಿಗೆ ಪಾಠ. ಉದ್ದ ಶಬ್ದ ಕಂಡರೆ ಸಾಕು, ಕಾಲಿಗೆ ಬುದ್ಧಿ ಹೇಳುವ ಜಾತಿ. "ಕಬ್ಬು ಹೆಂಗ ತಿಂತೀರಿ? ಗಣಿಕಿ ಗಂಟು ನೋಡಿ ಮುರದು. ಹಂಗ ಇದನ್ನೂ ಮುರೀರಿ," ಎಂದು ಬೈಯುತ್ತೇನೆ. ಇನ್-ವಿಸಿ-ಬಲ್. ಇನ್ ಅಂದರೆ ಇಲ್ಲ, ವಿಸಿ ಅಂದರೆ ಕಾಣುವುದು, ಬಲ್ ಅಂದರೆ ಆಗುವಂಥದ್ದು. ಶಟ್ಟೆವ್ವ ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತಿರುತ್ತಾಳೆ. ಅಕ್ಷರ ಬಾರದವಳೆಂದು ನಾನು ಅವಳ ಕಡೆ ಗಮನ ಕೊಟ್ಟವಳಲ್ಲ.

ಹೋದ ತಿಂಗಳು ಅವಳ ಮಗ ಬೀರಪ್ಪ ಹೊಟ್ಟೆನೋವೆಂದು ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದ. "ಏನಿಲ್ಲ, ಗ್ಯಾಸ್," ಅಂದ. ನಿನ್ನೆ ಅವನು ಹೊಲಕ್ಕೆ ಹೋದ ಮೇಲೆ ಶಟ್ಟೆವ್ವ ಆಸ್ಪತ್ರೆಯ ಫೈಲು ತಂದು ನನ್ನ ತೊಡೆಯ ಮೇಲಿಟ್ಟಳು.

"ಅಕ್ಕೋರ, ಇದರಾಗ ಒಂದು ಉದ್ದನ್ನ ಶಬ್ದ ಐತಿ. ಒಡದು ಹೇಳ್ರಿ."

ಹೊಟ್ಟೆಯಲ್ಲಿ ಗಡ್ಡೆ ಎಂದಿತ್ತು. ಅದರ ಮುಂದೆ ಆ ಶಬ್ದ: ಇನ್‌ಆಪರೇಬಲ್. ಈ ಮುದುಕಿ ಇಲ್ಲದ ಕಟ್ಟೆಯ ಮೇಲೆ ನಾನೊಬ್ಬಳೇ ಕೂತದ್ದು ಕಣ್ಣಿಗೆ ಕಟ್ಟಿತು. ಸ್ವಾರ್ಥ ನೋಡಿ, ಮೊದಲು ನೆನಪಾದದ್ದು ನನ್ನದೇ ಪಾಡು.

"ಆಪರೇಬಲ್ ಅಂತ ಬರದಾರ, ಆಯಿ. ಆಪರೇಶನ್ ಮಾಡಬಹುದು ಅಂತ."

ಅವಳು ನನ್ನ ತೊಡೆಯ ಮೇಲಿನ ಫೈಲು ಮುಚ್ಚಿದಳು.

"ಮೊದಲಿನ ತುಂಡು ನುಂಗಿದ್ರಿ. ಡಾಕ್ಟರು ಬೀರಪ್ಪಗ ಹೇಳೂ ಮುಂದ ಬಾಗಲಾಗ ಕುಂತಿದ್ದೆ. ಇನ್ ಅಂದ್ರು. ಇನ್ ಅಂದ್ರ ಇಲ್ಲ ಅಂತ ನೀವ ದಿನಾ ಒದರತೀರಿ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ತಿಂಗಳಾತು, ಇದನ್ನ ಒಬ್ಬಾಕಿನ ಎದ್ಯಾಗ ಇಟಗೊಂಡು ತಿರಗೇನಿ. ಇನ್ನೊಬ್ಬರಿಗೆ ಗೊತ್ತಿರಲಿ ಅನಸ್ತು. ಬೀರಪ್ಪಗ ಮಾತ್ರ ಹೇಳಬ್ಯಾಡ್ರಿ. ಅವ್ವಗ ಗೊತ್ತಿಲ್ಲ ಅನ್ನೂದೊಂದ ಸಮಾಧಾನ ಐತಿ ಅವಗ."

ಸಂಜೆ ಬೀರಪ್ಪ ಹೊಲದಿಂದ ಬಂದು ತಾಯಿಯ ಪಕ್ಕ ಕೂತ. "ಗುಳಗಿ ತಗೋಬೇ. ಎರಡು ವಾರದಾಗ ಆರಾಮ ಆಗ್ತಿ," ಅಂದ.

"ಹೂಂನಪಾ," ಅಂದಳು ಶಟ್ಟೆವ್ವ.

ಅವನು ನನ್ನ ಕಡೆ ತಿರುಗಿದ. "ಹೌದಲ್ರಿ, ಅಕ್ಕೋರ?"

"ಹೌದು," ಅಂದೆ.